ಊರಿನ ಆರೋಗ್ಯಕ್ಕೆ ಹತ್ತು ನಿಮಿಷದ ರೇಡಿಯೊ: ಕಲಬುರಗಿ, ಯಾದಗಿರಿ, ಬೀದರ್ ಕಡೆಯವರಿಗೆ ಒಂದು ಕೈಪಿಡಿ

“ನಮ್ಮೂರಲ್ಲಿ ಒಂದು ರೇಡಿಯೊ ಶುರು ಮಾಡಬೇಕ್ರಿ. ಆರೋಗ್ಯದ ಬಗ್ಗೆ ಜನಕ್ಕೆ ತಿಳಿಸಬೇಕು. ಲೈಸೆನ್ಸ್ ಎಲ್ಲಿ ಕೊಡ್ತಾರೆ?” ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ಸಂಘದ ಅಕ್ಕಂದಿರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ, ಡಿಗ್ರಿ ಮುಗಿಸಿ ಊರಲ್ಲೇ ಇರುವ ಹುಡುಗರಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು. ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸಿನ ವಿಷಯ ಈ ಬರಹದ ಕೊನೆಗೆ ಬರುತ್ತದೆ, ಬೇಕಂತಲೇ. ನಿಲಯ ಕಟ್ಟಲು ಹೊರಟು ಎರಡು ಮೂರು ವರ್ಷ ಕಾಗದಪತ್ರದಲ್ಲೇ ಸುಸ್ತಾದವರನ್ನು ನೋಡಿದ್ದೇನೆ. ನಿಮಗೆ ಈಗ ಬೇಕಾಗಿರುವುದು ಹತ್ತು ನಿಮಿಷದ ಒಂದು ಕಾರ್ಯಕ್ರಮ, ಅದನ್ನು ಕೂತು ಕೇಳುವ ಹತ್ತು ಜನ, ಮತ್ತು ಅವರು ವಾಪಸ್ ಕೇಳುವ ಪ್ರಶ್ನೆ. ಇಷ್ಟಕ್ಕೆ ಒಂದು ಮೊಬೈಲ್ ಸಾಕು.

ಏನೇನು ಬೇಕು

ಸಾಮಾನು ಕಡಿಮೆ. ರೆಕಾರ್ಡಿಂಗ್ ಮಾಡಬಲ್ಲ ಒಂದು ಫೋನ್, ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್, ಒಂದು ಇಯರ್‌ಫೋನ್. ಎಡಿಟಿಂಗ್‌ಗೆ ಯಾರದ್ದಾದರೂ ಹಳೆ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಅದರಲ್ಲಿ ಆಡಾಸಿಟಿ ಎನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಜೊತೆಗೆ ಎರಡು ಕೌದಿ. ಕೌದಿ ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಜನ ಮಾತ್ರ ಸರಿಯಾಗಿ ಬೇಕು. ನಾಲ್ಕೈದು ಜನರ ಗುಂಪು ಕಟ್ಟಿ. ಅದರಲ್ಲಿ ಒಬ್ಬರು ಆಶಾ ಅಥವಾ ಅಂಗನವಾಡಿಯವರು ಇರಲಿ. ಒಬ್ಬರು ತಾಂಡಾದವರೋ ಕೇರಿಯವರೋ ಇರಲಿ, ಅದೂ ಹೆಸರಿಗೆ ಮಾತ್ರ ಆಗಬಾರದು. ಎಲ್ಲರೂ ಒಂದೇ ಓಣಿಯವರಾದರೆ ಕಾರ್ಯಕ್ರಮವೂ ಆ ಓಣಿಯದ್ದೇ ಆಗುತ್ತದೆ.

1. ವಿಷಯ ಹುಡುಕಿ, ರೋಗದ ಹೆಸರು ಹುಡುಕಬೇಡಿ

ಹೊಸಬರು ಬರೆದುಕೊಂಡು ಬರುವ ಪಟ್ಟಿ ಹೀಗಿರುತ್ತದೆ: ರಕ್ತಹೀನತೆ, ಅಪೌಷ್ಟಿಕತೆ, ಕ್ಷಯ, ಡೆಂಗಿ, ನೈರ್ಮಲ್ಯ. ಇದು ಪಾಠಪುಸ್ತಕದ ಪರಿವಿಡಿ. ಇದರಿಂದ ಕಾರ್ಯಕ್ರಮ ಆಗುವುದಿಲ್ಲ.

ಆಶಾ ಅಕ್ಕನ ಜೊತೆ ಒಂದು ಮಧ್ಯಾಹ್ನ ಕೂತುಕೊಳ್ಳಿ. “ಮನೆಮನೆಗೆ ಹೋದಾಗ ಜನ ಯಾವ ನೆಪ ಜಾಸ್ತಿ ಹೇಳ್ತಾರೆ?” ಎಂದು ಕೇಳಿ. ವಿಷಯ ಅಲ್ಲಿ ಸಿಗುತ್ತದೆ. ಬಸುರಿಯರಿಗೆ ಕೊಡುವ ಕಬ್ಬಿಣದ ಗುಳಿಗೆಯನ್ನೇ ತೆಗೆದುಕೊಳ್ಳಿ. ದಿನಕ್ಕೊಂದರಂತೆ 180 ದಿನ ತಿನ್ನಬೇಕು. ಹೆರಿಗೆ ಆದ ಮೇಲೆ ಮತ್ತೆ 180 ದಿನ. ಗುಳಿಗೆ ಮನೆಗೆ ಬಂದಿರುತ್ತದೆ, ಆದರೆ ಹೊಟ್ಟೆಗೆ ಹೋಗಿರುವುದಿಲ್ಲ. ಯಾಕೆ? ಹೊಟ್ಟೆ ತೊಳಸುತ್ತದೆ. ಮಲ ಕಪ್ಪಾಗುತ್ತದೆ, ಹೆದರಿಕೆ ಆಗುತ್ತದೆ. ಅದನ್ನು ಯಾರ ಹತ್ತಿರ ಹೇಳುವುದು? ನಾಚಿಕೆ. ಸುಮ್ನೆ ಬಿಟ್ಟುಬಿಡುತ್ತಾರೆ.

ಈಗ ನಿಮ್ಮ ಕಂತಿನ ವಿಷಯ ‘ರಕ್ತಹೀನತೆ’ ಅಲ್ಲ. ‘ಗುಳಿಗೆ ತಿಂದು ಹೆದರಿ ಬಿಟ್ಟವರಿಗೆ’ ಎಂಬುದು ವಿಷಯ. ಒಂದು ಕಂತಿಗೆ ಇಂಥ ಒಂದೇ ಗಂಟು ಸಾಕು.

ಎಡವುವ ಜಾಗ: ಒಂದೇ ಕಂತಿನಲ್ಲಿ ಐದು ಸಂದೇಶ ತುಂಬುವುದು. “ಹೇಗೂ ಮಾಡ್ತಿದ್ದೀವಿ, ಶೌಚಾಲಯದ್ದೂ ಸೇರಿಸಿಬಿಡೋಣ” ಎಂದು ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಬೇಡ ಅನ್ನಿ.

2. ಯಾರು ಹೊರಗೆ ಉಳಿದಿದ್ದಾರೆ, ಎಣಿಸಿ

ನಮ್ಮ ಮೂರು ಜಿಲ್ಲೆಗಳಲ್ಲಿ ‘ಎಲ್ಲರಿಗೂ ಕನ್ನಡ ಬರುತ್ತೆ’ ಎಂದುಕೊಂಡರೆ ಅಲ್ಲೇ ಅರ್ಧ ಜನ ಕೈತಪ್ಪುತ್ತಾರೆ. ತಾಂಡಾದಲ್ಲಿ ಮನೆಮಾತು ಗೋರಬೋಲಿ, ಅಂದರೆ ಲಂಬಾಣಿ ಭಾಷೆ. ಕಲಬುರಗಿ, ಬೀದರ್ ಪಟ್ಟಣದ ಎಷ್ಟೋ ಮನೆಗಳಲ್ಲಿ ಹೆಂಗಸರು ಮಾತಾಡುವುದು ದಖನಿ ಉರ್ದು. ಸೇಡಂ, ಗುರುಮಠಕಲ್ ಕಡೆ ತೆಲುಗು. ಔರಾದ್, ಭಾಲ್ಕಿ, ಬಸವಕಲ್ಯಾಣದ ಕಡೆ ಮರಾಠಿ. ಗಂಡಸರು ಸಂತೆಗೆ, ಕೆಲಸಕ್ಕೆ ಹೋಗಿ ಕನ್ನಡ ಕಲಿತಿರುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ, ಮನೆಯಲ್ಲೇ ಇರುವ ಮುದುಕಿಗೆ ಬರುವುದಿಲ್ಲ. ಆರೋಗ್ಯದ ಮಾತು ತಲುಪಬೇಕಾದದ್ದು ಇವರಿಗೇ ಅಲ್ವಾ?

ಎಲ್ಲವನ್ನೂ ನಾಲ್ಕು ಭಾಷೆಯಲ್ಲಿ ಮಾಡಿ ಅಂತ ನಾನು ಹೇಳುತ್ತಿಲ್ಲ, ಆಗದ ಮಾತು ಅದು. ಮುಖ್ಯವಾದ ಎರಡು ನಿಮಿಷವನ್ನು ಮಾತ್ರ ಆ ಭಾಷೆಯವರಿಂದಲೇ ಹೇಳಿಸಿ. ಅನುವಾದ ಬರೆದುಕೊಟ್ಟು ಓದಿಸಬೇಡಿ. ವಿಷಯ ಹೇಳಿ, “ನಿಮ್ಮ ಅತ್ತಿಗೆಗೆ ಹೇಳೋ ಹಾಗೆ ಹೇಳಿ” ಎಂದು ಬಿಟ್ಟುಬಿಡಿ.

ಕನ್ನಡದಲ್ಲೂ ಇದೇ ಮಾತು. ವಾರ್ತೆ ಓದುವ ಕನ್ನಡ ಕೇಳಿದರೆ ಜನ ಅದನ್ನು ‘ಸರ್ಕಾರದ್ದು’ ಎಂದುಕೊಂಡು ಕಿವಿ ಆ ಕಡೆ ತಿರುಗಿಸುತ್ತಾರೆ. ‘ಮಾತ್ರೆಗಳನ್ನು ಸೇವಿಸಿರಿ’ ಎಂದರೆ ಯಾರೂ ತಿನ್ನುವುದಿಲ್ಲ. ‘ಗುಳಿಗಿ ತಿನ್ರಿ’ ಅನ್ನಿ.

ಹೊತ್ತು ಕೂಡ ಜನರನ್ನು ಹೊರಗಿಡುತ್ತದೆ. ತೊಗರಿ ರಾಶಿಯ ದಿನಗಳಲ್ಲಿ, ಹತ್ತಿ ಬಿಡಿಸುವ ದಿನಗಳಲ್ಲಿ ಹೆಂಗಸರು ಮನೆಗೆ ಬರುವುದೇ ಹೊತ್ತು ಮುಳುಗಿದ ಮೇಲೆ. ಮಧ್ಯಾಹ್ನ ಎರಡಕ್ಕೆ ‘ಮಹಿಳೆಯರಿಗಾಗಿ’ ಎಂದು ಹಾಕಿದರೆ ಕೇಳುವವರು ಯಾರು? ಗುಳೆ ಹೋದವರ ಕಥೆ ಇನ್ನೂ ಬೇರೆ. ಅವರು ಬೆಂಗಳೂರಲ್ಲೋ ಮುಂಬೈಯಲ್ಲೋ ಹೈದರಾಬಾದಲ್ಲೋ ಇರುತ್ತಾರೆ. ಅವರಿಗೆ ವಾಟ್ಸಾಪ್ ಒಂದೇ ದಾರಿ.

ಇನ್ನೊಂದು ಮಾತು. ರೇಡಿಯೊ ಕಣ್ಣು ಕಾಣದವರಿಗೆ ವರ, ಕಿವಿ ಕೇಳದವರಿಗೆ ಅದರಿಂದ ಏನೂ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸುತ್ತದೆ. ಅವರಲ್ಲಿ ನಿಮ್ಮೂರಲ್ಲಿ ಯಾರಿದ್ದಾರೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿದರೆ ತಿಳಿಯುತ್ತದೆ. ಕಿವಿ ಕೇಳದವರ ಮನೆಗೆ ಅದೇ ವಿಷಯದ ಒಂದು ಚಿತ್ರದ ಹಾಳೆ ಕಳಿಸಿ. ಗಾಲಿಕುರ್ಚಿ ಬಳಸುವ ಹುಡುಗಿಯನ್ನು ‘ಅಂಗವಿಕಲರ ದಿನ’ಕ್ಕೆ ಮಾತ್ರ ಕರೆದು ಕೂರಿಸಬೇಡಿ. ಡೆಂಗಿ ಕಂತನ್ನು ಅವಳೇ ನಡೆಸಲಿ.

3. ಮಾಹಿತಿಯನ್ನು ಒಂದು ಹಾಳೆಗೆ ಇಳಿಸಿ, ತಪಾಸಣೆ ಮಾಡಿಸಿ

ಇಲ್ಲಿ ಸೋಮಾರಿತನ ಮಾಡಬೇಡಿ. ಕಂತಿನಲ್ಲಿ ಬರುವ ಪ್ರತಿ ವೈದ್ಯಕೀಯ ಮಾತನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೋ ಸಮುದಾಯ ಆರೋಗ್ಯ ಅಧಿಕಾರಿಗೋ ತೋರಿಸಿ. ಅವರು ಸಹಿ ಹಾಕಿದ ಹಾಳೆಯನ್ನು ಫೈಲಿನಲ್ಲಿಡಿ. ನಾಳೆ ಯಾರಾದರೂ “ಯಾರು ಹೇಳಿದ್ದು ಇದು?” ಎಂದರೆ ತೋರಿಸಲು ಬೇಕಾಗುತ್ತದೆ.

ಹಾಳೆ ಎಷ್ಟು ಚಿಕ್ಕದಿರಬೇಕು ಎಂಬುದಕ್ಕೆ ಕೆಲವು ಮಾದರಿ:

ಭೇದಿ: ಒಂದು ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೆ ಪೂರ್ತಿ ಹಾಕಬೇಕು. ಅರ್ಧ ಇಂದು, ಅರ್ಧ ನಾಳೆ ಮಾಡಬಾರದು. ಕಲಸಿದ್ದು 24 ಗಂಟೆಯೊಳಗೆ ಖರ್ಚಾಗಬೇಕು. ಮಕ್ಕಳಿಗೆ ಇದರ ಜೊತೆ ಜಿಂಕ್ ಗುಳಿಗೆ 14 ದಿನ. ಭೇದಿ ನಿಂತರೂ ಗುಳಿಗೆ ನಿಲ್ಲಿಸಬಾರದು.

ಕ್ಷಯ: ಎರಡು ವಾರ ಅಥವಾ ಹೆಚ್ಚು ದಿನ ಕೆಮ್ಮಿದ್ದರೆ ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧ ಎರಡೂ ಪುಕ್ಕಟೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಗುಳಿಗೆ.

ಡೆಂಗಿ: ಈ ಸೊಳ್ಳೆ ಮೊಟ್ಟೆ ಇಡುವುದು ಮನೆಯಲ್ಲಿ ತುಂಬಿಟ್ಟ ನೀರಿನಲ್ಲಿ. ಕಚ್ಚುವುದು ಹಗಲಲ್ಲಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದ ಮೇಲೆ ಬೇಕು. ಹಾಗಾಗಿ ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ ಖಾಲಿ ಮಾಡಿ, ತಿಕ್ಕಿ, ಒಣಗಿಸಿದರೆ ಸರಪಳಿ ಕಡಿಯುತ್ತದೆ. ನಳದ ನೀರು ನಾಲ್ಕು ದಿನಕ್ಕೊಮ್ಮೆ ಬರುವ ಊರಲ್ಲಿ ‘ನೀರು ಸಂಗ್ರಹಿಸಬೇಡಿ’ ಎಂದರೆ ಜನ ನಗುತ್ತಾರೆ. ‘ಮುಚ್ಚಿಡಿ, ವಾರಕ್ಕೊಮ್ಮೆ ತಿಕ್ಕಿ’ ಅನ್ನಿ.

ಪ್ರತಿ ಕಂತಿನ ಕೊನೆಗೆ ನಂಬರ್ ಹೇಳಿ. ಆರೋಗ್ಯ ಸಲಹೆಗೆ 104, ಆಂಬುಲೆನ್ಸ್‌ಗೆ 108, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಮಕ್ಕಳ ಸಹಾಯಕ್ಕೆ 1098, ಹೆಂಗಸರ ಸಹಾಯಕ್ಕೆ 181. ಎಲ್ಲವನ್ನೂ ಒಟ್ಟಿಗೆ ಹೇಳಿದರೆ ಯಾವುದೂ ನೆನಪಿರುವುದಿಲ್ಲ. ಆ ಕಂತಿಗೆ ಬೇಕಾದ ಒಂದನ್ನು ಮೂರು ಸಲ ಹೇಳಿ.

ಎಡವುವ ಜಾಗಗಳು ಇಲ್ಲಿ ಮೂರಿವೆ.

ಒಂದು, ಸುಳ್ಳು ಸುದ್ದಿಯನ್ನು ಮೊದಲು ಹೇಳಿ ಆಮೇಲೆ ‘ಇದು ಸುಳ್ಳು’ ಎನ್ನುವುದು. ಒಲೆ ಮುಂದೆ ಕೂತು ಕೇಳುವವರ ಕಿವಿಗೆ ಮೊದಲ ಅರ್ಧ ಮಾತ್ರ ಬಿದ್ದಿರುತ್ತದೆ. “ಹಾವು ಕಚ್ಚಿದ ಜಾಗ ಕೊಯ್ದು ರಕ್ತ ಹೀರಬೇಕು ಅಂತಾರೆ...” ಎಂದು ಶುರು ಮಾಡಿದರೆ ನೀವೇ ಅದನ್ನು ಹಬ್ಬಿಸಿದಂತೆ. “ಹಾವು ಕಚ್ಚಿದ್ರ ಕೈಕಾಲು ಅಲುಗಾಡಿಸದೆ ಸೀದಾ ಆಸ್ಪತ್ರೆಗೆ, 108ಕ್ಕೆ ಫೋನ್” ಎಂದು ಶುರು ಮಾಡಿ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ ಎಂಬುದು ಆಮೇಲೆ ಬರಲಿ.

ಎರಡು, ಔಷಧದ ಜಾಹೀರಾತು. ಕಾರ್ಯಕ್ರಮಕ್ಕೆ ದುಡ್ಡು ಕೊಡುತ್ತೇನೆ ಎಂದು ಸಕ್ಕರೆ ಕಾಯಿಲೆ ಗುಣ ಮಾಡುವ ಪುಡಿಯವರು ಬರುತ್ತಾರೆ. ಇಂಥ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಎನ್ನುವ ಜಾಹೀರಾತನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ. ಪ್ರಸಾರ ಮಾಡಿದವರೂ ಸಿಕ್ಕಿಬೀಳುತ್ತಾರೆ.

ಮೂರು, ಹಾಳೆಯಲ್ಲಿ ಇಲ್ಲದ್ದನ್ನು ಮೈಕ್ ಮುಂದೆ ಹೇಳಿಬಿಡುವುದು. ಕೇಳುಗರು “ನನಗೆ ಬಿಪಿ ಗುಳಿಗೆ ಎಷ್ಟು ತಿನ್ನಲಿ?” ಎಂದು ಕೇಳಿದರೆ ನಿಮ್ಮ ಉತ್ತರ ಒಂದೇ: ನಿಮಗೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ, ಇಲ್ಲವಾದರೆ 104.

4. ಬರೆಯಿರಿ, ಆಮೇಲೆ ಬಾಯಲ್ಲಿ ಆಡಿ ನೋಡಿ

ಹತ್ತು ನಿಮಿಷವನ್ನು ನಾನು ಹೀಗೆ ಹಂಚುತ್ತೇನೆ: ಒಂದು ನಿಮಿಷ ಹಾಡು ಮತ್ತು ಹೆಸರು. ಎರಡು ನಿಮಿಷ ಹೋದ ವಾರ ಬಂದ ಪ್ರಶ್ನೆಗೆ ಉತ್ತರ. ನಾಲ್ಕು ನಿಮಿಷ ಮಾತುಕತೆ. ಎರಡು ನಿಮಿಷ ಊರಿನವರ ಅನುಭವ. ಉಳಿದದ್ದು ನಂಬರ್, ಸೂಚನೆ. ಇದೇ ಆಗಬೇಕು ಅಂತೇನಿಲ್ಲ. ಆದರೆ ಪ್ರಶ್ನೆಗೆ ಉತ್ತರ ಮಾತ್ರ ಮೊದಲೇ ಬರಲಿ. ಕೇಳಿದವರು ಕಾದಿರುತ್ತಾರೆ.

ಮಾತುಕತೆಯಲ್ಲಿ ಡಾಕ್ಟರ್ ಮತ್ತು ರೋಗಿ ಬೇಡ. ಎಲ್ಲರೂ ಅದನ್ನೇ ಬರೆಯುತ್ತಾರೆ, ಅದು ಪರೀಕ್ಷೆಯ ಪ್ರಶ್ನೋತ್ತರದ ಹಾಗೆ ಕೇಳಿಸುತ್ತದೆ. ಮನೆಯಲ್ಲಿ ತೀರ್ಮಾನ ಮಾಡುವವರು ಯಾರೋ ಅವರ ಬಾಯಿಂದ ಹೇಳಿಸಿ. ಬಸುರಿಯ ವಿಷಯದಲ್ಲಿ ಅದು ಅತ್ತೆ. ಗುಳಿಗೆಯ ಕಂತಿಗೆ ಒಂದು ತುಣುಕು:

ಅತ್ತಿ: ಯಾಕವ್ವ, ಗುಳಿಗಿ ಹಂಗೇ ಅದಾವಲ್ಲ? ತಿನ್ನಲ್ಲೇನು?
ಸೊಸಿ: ತಿಂದ್ರ ಹೊಟ್ಟಿ ತೊಳಸ್ತದ ಅತ್ತಿ. ಮತ್ತ... ಹೆಂಗ ಹೇಳ್ಲಿ, ಸಂಡಾಸ ಕರ್ರಗ ಆಗ್ಲತ್ತದ. ಅಂಜಿಕಿ ಬಂತು.
ಅತ್ತಿ: ಅಷ್ಟೇ ಹೌದಿಲ್ಲ? ಕಬ್ಬಿಣದ ಗುಳಿಗಿ ತಿಂದ್ರ ಹಂಗ ಆಗೋದೇ ಅಂತ ಆಶಾ ಅಕ್ಕ ಹೇಳ್ಯಾಳ. ರಾತ್ರಿ ಉಂಡ ಮ್ಯಾಲ ತಿನ್ನು, ತೊಳಸೋದು ಕಮ್ಮಿ ಆಗ್ತದ. ಚಾದ ಜೋಡಿ ಮಾತ್ರ ಬ್ಯಾಡ.
ಸೊಸಿ: ಚಾ ಕುಡದ್ರ ಏನಾಗ್ತದ?
ಅತ್ತಿ: ಗುಳಿಗಿ ಮೈಗಿ ಹತ್ತಂಗಿಲ್ಲ. ಲಿಂಬಿಹಣ್ಣಿನ ನೀರು ಕುಡಿ, ಛಲೋ. ಕ್ಯಾಲ್ಸಿಯಂ ಗುಳಿಗಿನೂ ಇದರ ಜೋಡಿ ನುಂಗಬ್ಯಾಡ, ಅದನ್ನ ಹಗಲಿಗಿ ಇಟ್ಕೋ.

ನೋಡಿ, ‘ಸಂಡಾಸ’ ಎಂಬ ಮಾತನ್ನು ತೆಗೆಯಿರಿ ಎಂದು ಯಾರಾದರೂ ಹಿರಿಯರು ಹೇಳುತ್ತಾರೆ. ತೆಗೆಯಬೇಡಿ. ಆ ಕಂತು ಇರುವುದೇ ಆ ಮಾತಿನ ಮೇಲೆ.

ಮಾತಿನ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ‘ಕುಷ್ಠರೋಗಿ’, ‘ಹುಚ್ಚ’, ‘ಕುಂಟ’ ಎಂಬಂಥ ಮಾತು ಊರಲ್ಲಿ ನಡೆಯುತ್ತವೆ, ರೇಡಿಯೊದಲ್ಲಿ ಬೇಡ. ‘ಕುಷ್ಠರೋಗ ಬಂದವರು’ ಅನ್ನಿ. ಸ್ಪರ್ಶ ಇಲ್ಲದ ಮಚ್ಚೆ ಕಂಡರೆ ತೋರಿಸಿಕೊಳ್ಳಬೇಕು, ಆರು ಅಥವಾ ಹನ್ನೆರಡು ತಿಂಗಳ ಪುಕ್ಕಟೆ ಔಷಧದಿಂದ ಇದು ಪೂರ್ತಿ ವಾಸಿಯಾಗುತ್ತದೆ ಎಂದು ಅದೇ ಉಸಿರಿನಲ್ಲಿ ಹೇಳಿ. ಬೈಗುಳದಂಥ ಹೆಸರು ಕೇಳಿದವರು ಮಚ್ಚೆ ಮುಚ್ಚಿಕೊಂಡು ಮನೆಯಲ್ಲೇ ಕೂರುತ್ತಾರೆ.

5. ಒಪ್ಪಿಗೆ

ಇದಕ್ಕೆ ಒಂದು ಬೇರೆ ಹಂತವನ್ನೇ ಕೊಟ್ಟಿದ್ದೇನೆ, ಕಾರಣ ನನ್ನದೇ ತಪ್ಪು. ಒಂದು ಕಂತಿನಲ್ಲಿ ಕ್ಷಯದಿಂದ ಗುಣವಾದ ಹೆಣ್ಣುಮಗಳೊಬ್ಬಳ ಮಾತು ಹಾಕಿದ್ದೆ. ಹೆಸರು ತೆಗೆದಿದ್ದೆ, ಊರೂ ತೆಗೆದಿದ್ದೆ. ಆದರೆ ‘ನಮ್ಮ ಯಜಮಾನ್ರು ಟಂಟಂ ಓಡಿಸ್ತಾರ’ ಎಂಬ ಮಾತು ಹಾಗೇ ಉಳಿದಿತ್ತು. ಆ ಕಡೆ ಟಂಟಂ ಇದ್ದದ್ದು ಎರಡೇ. ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಎರಡು ವಾರ ಆ ಟಂಟಂಗೆ ಜನ ಹತ್ತಲಿಲ್ಲ.

ಅವತ್ತಿನಿಂದ ನಾನು ಮಾಡುವುದು ಇಷ್ಟು. ಒಪ್ಪಿಗೆ ಕೇಳುವಾಗ ‘ರೆಕಾರ್ಡ್ ಮಾಡಲಾ?’ ಎಂದಷ್ಟೇ ಕೇಳುವುದಿಲ್ಲ. ಎಲ್ಲೆಲ್ಲಿ ಕೇಳಿಸುತ್ತದೆ, ವಾಟ್ಸಾಪ್‌ಗೆ ಹೋದರೆ ವಾಪಸ್ ತರಲು ಆಗುವುದಿಲ್ಲ, ದನಿ ಗುರುತು ಸಿಗಬಹುದು ಎಂದು ಬಿಡಿಸಿ ಹೇಳುತ್ತೇನೆ. ಆ ಮಾತುಕತೆಯನ್ನೇ ರೆಕಾರ್ಡ್ ಮಾಡಿಡುತ್ತೇನೆ. ಎಡಿಟ್ ಆದ ಮೇಲೆ ಅವರಿಗೆ ಮೊದಲು ಕೇಳಿಸುತ್ತೇನೆ. ಬೇಡ ಎಂದರೆ ಕಾರಣ ಕೇಳದೆ ತೆಗೆಯುತ್ತೇನೆ. ಸೂಕ್ಷ್ಮ ವಿಷಯವಾದರೆ ಬೇರೆಯವರ ದನಿಯಲ್ಲಿ ಹೇಳಿಸುತ್ತೇನೆ.

ಕೆಲವು ಕಡೆ ಇದು ಬರೀ ಸಜ್ಜನಿಕೆಯ ಪ್ರಶ್ನೆಯೂ ಅಲ್ಲ, ಕಾನೂನು. ಎಚ್‌ಐವಿ ಇದೆ ಎಂಬುದನ್ನು ಆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಹೊರಗೆಡಹುವುದನ್ನು 2017ರ ಎಚ್‌ಐವಿ ಕಾಯ್ದೆ ತಡೆಯುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಹೆಸರು, ಶಾಲೆ, ಮನೆ, ಗುರುತು ಹತ್ತುವ ಯಾವುದನ್ನೂ ಪೋಕ್ಸೊ ಕಾಯ್ದೆಯ ಪ್ರಕಾರ ಹೇಳುವಂತಿಲ್ಲ. ಬಾಲ್ಯವಿವಾಹದ ಕಂತು ಮಾಡುವಾಗ ಈ ತಪ್ಪು ಬೇಗ ಆಗುತ್ತದೆ. ‘ನಮ್ಮ ಪಕ್ಕದ ತಾಂಡಾದಲ್ಲಿ ಹೋದ ವಾರ ನಿಲ್ಲಿಸಿದ ಮದುವೆ’ ಎಂದರೆ ಸಾಕು, ಹುಡುಗಿ ಯಾರೆಂದು ಎಲ್ಲರಿಗೂ ತಿಳಿಯುತ್ತದೆ.

6. ರೆಕಾರ್ಡಿಂಗ್

ನಮ್ಮ ಕಡೆ ಮನೆ ಅಂದರೆ ಕಲ್ಲಿನ ಗೋಡೆ, ಶಹಾಬಾದ್ ಫರಸಿಯ ನೆಲ. ಬೇಸಿಗೆಗೆ ತಂಪು, ರೆಕಾರ್ಡಿಂಗ್‌ಗೆ ಕಷ್ಟ. ದನಿ ಗೋಡೆಗೆ ಬಡಿದು ಬಾವಿಯೊಳಗಿಂದ ಮಾತಾಡಿದ ಹಾಗೆ ಬರುತ್ತದೆ. ಕೌದಿ ಈಗ ಬೇಕು. ಒಂದನ್ನು ನೆಲಕ್ಕೆ ಹಾಸಿ, ಇನ್ನೊಂದನ್ನು ಮಾತಾಡುವವರ ಎದುರಿಗೆ ಹಗ್ಗದ ಮೇಲೆ ಇಳಿಬಿಡಿ. ಮೂಲೆಯಲ್ಲಿ ಜೋಳದ ಚೀಲ ಇದ್ದರೆ ಇನ್ನೂ ಒಳ್ಳೆಯದು. ಬೇರೆ ಸ್ಟುಡಿಯೊ ಬೇಕಿಲ್ಲ.

ಫ್ಯಾನ್ ಆಫ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ, ಸೀದಾ ಬಾಯಿ ಮುಂದೆ ಬೇಡ, ತುಸು ಪಕ್ಕಕ್ಕೆ. ಮಾತು ಶುರುವಾಗುವ ಮುಂಚೆ ಅರ್ಧ ನಿಮಿಷ ಯಾರೂ ಮಾತಾಡದೆ ಆ ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿ. ಎಡಿಟ್ ಮಾಡುವಾಗ ತೇಪೆ ಹಾಕಲು ಅದು ಬೇಕಾಗುತ್ತದೆ. ಇಯರ್‌ಫೋನ್ ಹಾಕಿ ಅಲ್ಲೇ ಕೇಳಿ ನೋಡಿ, ಮನೆಗೆ ಹೋದ ಮೇಲೆ ಅಲ್ಲ. ಗಿರಣಿ ಓಡುವ ಹೊತ್ತು ಯಾವುದು ಅಂತ ವಿಚಾರಿಸಿಕೊಂಡು ಹೋಗಿ. ಕೋಳಿ ಕೂಗಿದರೆ ಇರಲಿ ಬಿಡಿ, ಅದು ಊರಿನದ್ದೇ ಸದ್ದು.

ಎಡಿಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉದ್ದ ಆದದ್ದನ್ನು ಕತ್ತರಿಸಿ, ದನಿಗಳ ಮಟ್ಟ ಒಂದೇ ಮಾಡಿ, ಮುಗಿಯಿತು. ಮೂಲ ಫೈಲ್ ಅಳಿಸಬೇಡಿ.

ಹಾಡಿಗೆ ಸಿನಿಮಾದ್ದು ಹಾಕಬೇಡಿ, ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ಅಲ್ಲದೆ ಅದರ ಅಗತ್ಯ ನಮಗೇನಿದೆ? ಹಂತಿ ಪದ ಇದೆ, ಬೀಸುವ ಪದ ಇದೆ, ಸೋಬಾನೆ ಇದೆ, ತತ್ವಪದ ಇದೆ, ಮೊಹರಂ ಪದ ಇದೆ. ಹಾಡುವ ಅಜ್ಜಿಯನ್ನು ಒಪ್ಪಿಸಿ, ಹೆಸರು ಹೇಳಬಹುದಾ ಎಂದು ಕೇಳಿ, ಆಕೆಯ ದನಿಯಿಂದಲೇ ಕಂತು ಶುರುವಾಗಲಿ. ಆಮೇಲೆ ಇಡೀ ಓಣಿ ಕೇಳುತ್ತದೆ.

7. ಕೇಳಿಸುವ ದಾರಿಗಳು

ಆಕಾಶವಾಣಿ: ಕಲಬುರಗಿ ನಿಲಯ 1966ರಿಂದ ಇದೆ. ಆರೋಗ್ಯ, ಮಹಿಳೆಯರ, ಯುವಕರ, ರೈತರ ಕಾರ್ಯಕ್ರಮಗಳಿಗೆ ಅಲ್ಲಿ ಜಾಗ ಇರುತ್ತದೆ. ಕಾರ್ಯಕ್ರಮ ವಿಭಾಗಕ್ಕೆ ಒಂದು ಪುಟದ ಪತ್ರ ಬರೆಯಿರಿ: ನಾವು ಯಾರು, ಯಾವ ಊರು, ಯಾವ ವಿಷಯ, ಎಷ್ಟು ನಿಮಿಷ. ಮಾದರಿಗೆ ಒಂದು ಕಂತು ಕೊಡಿ. ಒಂದು ಎಚ್ಚರಿಕೆ. ಈ ನಿಲಯ ಬೆಳೆದದ್ದು ಮಧ್ಯಮ ತರಂಗದ ಮೇಲೆ. ಹಳೆ ಟ್ರಾನ್ಸಿಸ್ಟರ್ ಹಿಡಿಯುವ ಆ ತರಂಗವನ್ನು ಮೊಬೈಲಿನ ಎಫ್‌ಎಂ ಹಿಡಿಯುವುದಿಲ್ಲ. ನಿಮ್ಮೂರಲ್ಲಿ ಯಾರ ಬಳಿ ಏನಿದೆ, ಏನು ಸಿಗುತ್ತದೆ ಎಂದು ಮೊದಲು ಹತ್ತು ಮನೆಯಲ್ಲಿ ನೋಡಿ. ಆಕಾಶವಾಣಿಯದ್ದೇ ಆ್ಯಪ್ ಕೂಡ ಇದೆ.

ಸಮುದಾಯ ಬಾನುಲಿ: ಅಂದರೆ ಒಂದು ಊರಿನ ಸುತ್ತಮುತ್ತಲಿಗಷ್ಟೇ ಕೇಳಿಸುವ, ಲಾಭಕ್ಕಾಗಿ ನಡೆಸದ ಚಿಕ್ಕ ಎಫ್‌ಎಂ ನಿಲಯ. ಕಲಬುರಗಿಯಲ್ಲಿ ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ‘ಅಂತರ್ವಾಣಿ’ ಇಂಥದ್ದು. ಇಂಥ ನಿಲಯಗಳಿಗೆ ಊರಿನ ದನಿ ಬೇಕೇ ಬೇಕು. ನಿಯಮದಂತೆ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಿರಬೇಕು. ಹೋಗಿ ಕೇಳಿ.

ಮೈಕ್: ಡಂಗುರ ಸಾರಿದ ಹಾಗೆ ಇದೂ ಹಳೆಯ ದಾರಿಯೇ. ಪಂಚಾಯಿತಿಯ ಕಸದ ಗಾಡಿಯ ಸ್ಪೀಕರ್, ಗುಡಿಯ ಮೈಕ್, ಮಸೀದಿಯ ಮೈಕ್. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ಯವರು ಲೈಸೆನ್ಸ್ ಸಿಗದ ಕಾಲದಲ್ಲಿ ಕೇಬಲ್ ಟಿವಿಯ ತಂತಿಯಲ್ಲಿ, ಧ್ವನಿವರ್ಧಕದಲ್ಲಿ ಕಾರ್ಯಕ್ರಮ ಕೇಳಿಸಿದರು. ಆದರೆ 2000ದ ಶಬ್ದಮಾಲಿನ್ಯ ನಿಯಮ ನೆನಪಿರಲಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಚ್ಚುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನಿಂದ 100 ಮೀಟರ್ ಒಳಗೆ ನಿಶ್ಶಬ್ದ ವಲಯ ಇರಬಹುದು. ಮತ್ತೆ, ಕ್ಷಯ, ಎಚ್‌ಐವಿ, ಮುಟ್ಟಿನಂಥ ವಿಷಯಗಳನ್ನು ಮೈಕಿನಲ್ಲಿ ಹಾಕಬೇಡಿ. ಎಲ್ಲರೂ ಒಟ್ಟಿಗೆ ಕೇಳುವಾಗ ಕೇಳಬೇಕಾದವರು ಎದ್ದು ಹೋಗುತ್ತಾರೆ.

ವಾಟ್ಸಾಪ್: ಹತ್ತು ನಿಮಿಷದ್ದನ್ನು ಎರಡೆರಡು ನಿಮಿಷದ ತುಣುಕು ಮಾಡಿ ಕಳಿಸಿ. ಪ್ರತಿ ತುಣುಕಿನ ಶುರುವಿಗೆ ಕಾರ್ಯಕ್ರಮದ ಹೆಸರು, ತಿಂಗಳು, ವರ್ಷ ಬಾಯಲ್ಲೇ ಹೇಳಿ. ಇಲ್ಲದಿದ್ದರೆ ಹಳೆಯ ‘ನಾಳೆ ಲಸಿಕೆ ಶಿಬಿರ’ ಎರಡು ವರ್ಷ ಆದ ಮೇಲೂ ತಿರುಗುತ್ತಿರುತ್ತದೆ.

8. ಕೂತು ಕೇಳುವ ಗುಂಪು

ಇದನ್ನು ಬಿಟ್ಟವರೇ ಹೆಚ್ಚು. ಕಂತು ಕಳಿಸಿದೆವು, ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಅರ್ಧ ಕೆಲಸ ಬಾಕಿ ಇರುತ್ತದೆ.

1956ರಲ್ಲಿ ಯುನೆಸ್ಕೊ ಜೊತೆ ಸೇರಿ ಆಕಾಶವಾಣಿ ಪುಣೆಯ ಸುತ್ತಲಿನ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿತು. ರೈತರು ಗುಂಪಾಗಿ ಕೂತು ಕಾರ್ಯಕ್ರಮ ಕೇಳುವುದು, ಮುಗಿದ ಮೇಲೆ ಚರ್ಚಿಸುವುದು, ಪ್ರಶ್ನೆಗಳನ್ನು ನಿಲಯಕ್ಕೆ ಕಳಿಸುವುದು. ರೇಡಿಯೊ ಇದ್ದೂ ಇಂಥ ಗುಂಪು ಇಲ್ಲದ ಹಳ್ಳಿಗಳಿಗಿಂತ ಗುಂಪು ಇದ್ದ ಹಳ್ಳಿಗಳು ಎಷ್ಟೋ ಹೆಚ್ಚು ಕಲಿತವು. ಪೆಟ್ಟಿಗೆ ಎರಡೂ ಕಡೆ ಒಂದೇ ಇತ್ತು, ಕೂತು ಮಾತಾಡಿದ್ದರಿಂದ ವ್ಯತ್ಯಾಸ ಆಯಿತು.

ನೀವು ಮಾಡಬೇಕಾದದ್ದು: ಸಂಘದ ವಾರದ ಸಭೆಗೆ ಹತ್ತು ಹನ್ನೆರಡು ಜನ ಹೇಗೂ ಬರುತ್ತಾರೆ. ಅಲ್ಲಿ ಸ್ಪೀಕರಿನಲ್ಲಿ ಕಂತು ಕೇಳಿಸಿ. ಮುಗಿದ ಮೇಲೆ ಮೂರೇ ಪ್ರಶ್ನೆ. ಏನು ಹೇಳಿದರು? ಇದನ್ನು ನಮ್ಮ ಮನೆಯಲ್ಲಿ ಮಾಡಲು ಏನು ಅಡ್ಡ ಬರುತ್ತದೆ? ಇನ್ನೇನು ಕೇಳಬೇಕು? ಎರಡನೆಯ ಪ್ರಶ್ನೆಗೆ ಬರುವ ಉತ್ತರ ಚಿನ್ನ. “ಗುಳಿಗಿ ತಿನ್ನಬೇಕು ಖರೆ, ಆದ್ರ ರಾತ್ರಿ ನಾವು ಉಣ್ಣೋದೇ ಕಡೀಕ, ರೊಟ್ಟಿ ಉಳದಿರಂಗಿಲ್ಲ” ಎಂದು ಒಬ್ಬಾಕೆ ಹೇಳಿದರೆ, ನಿಮ್ಮ ಮುಂದಿನ ಕಂತು ಗುಳಿಗೆಯ ಮೇಲೆ ಇರುವುದಿಲ್ಲ. ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ ಎಂಬುದರ ಮೇಲೆ ಇರುತ್ತದೆ. ಅದನ್ನು ಗಂಡಸರಿಗೆ ಕೇಳಿಸಬೇಕು.

ಪ್ರಶ್ನೆಗಳನ್ನು ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಓದು ಬರಹ ಬರದವರಿಗೆ ಚೀಟಿ ಬರೆಯಿರಿ ಎನ್ನಬೇಡಿ. ಮಾತೇ ಆಡದೆ ಮೂಲೆಯಲ್ಲಿ ಕೂತವರ ಹತ್ತಿರ ಸಭೆ ಮುಗಿದ ಮೇಲೆ ಹೋಗಿ ಕೇಳಿ.

ಒಂದು ನೋಟ್‌ಬುಕ್ ಇಡಿ. ತಾರೀಖು, ಎಷ್ಟು ಜನ ಕೇಳಿದರು, ಬಂದ ಪ್ರಶ್ನೆ, ಎಷ್ಟು ದನಿಗಳು ಹೊಸದು. ಆಶಾ ಅಕ್ಕನ ಹತ್ತಿರ ಖಾಲಿಯಾದ ಗುಳಿಗೆ ಪಟ್ಟಿಗಳ ಲೆಕ್ಕ ಕೇಳಿ. ಆದರೆ ಮೂರು ಕಂತು ಮಾಡಿ ‘ನಮ್ಮಿಂದ ರಕ್ತಹೀನತೆ ಕಡಿಮೆ ಆಯಿತು’ ಎಂದು ಪೇಪರಿಗೆ ಕೊಡಬೇಡಿ. ಅಂಥದ್ದನ್ನು ಅಳೆಯಲು ಬೇರೆ ವಿಧಾನವೇ ಇದೆ.

ಖರ್ಚು ಬಂದರೆ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೋಷಣೆ ಸಮಿತಿಯನ್ನು ಕೇಳಿ. ಈ ಸಮಿತಿಗೆ ಊರಿನ ಆರೋಗ್ಯದ ಕೆಲಸಕ್ಕೆ ಅಂತಲೇ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ ಇರುತ್ತದೆ. ಸ್ಪೀಕರಿಗೆ, ಮೈಕಿಗೆ ಠರಾವು ಮಾಡಿಸಬಹುದೇ ಎಂದು ಸಭೆಯಲ್ಲಿ ಎತ್ತಿ.

9. ಈಗ ಲೈಸೆನ್ಸಿನ ಮಾತು

ಹೀಗೆ ಒಂದು ವರ್ಷ ನಡೆಸಿ, ವಾರಕ್ಕೊಂದು ಕಂತು ತಪ್ಪದೆ ಬಂದಿದ್ದರೆ ಮಾತ್ರ ಮುಂದೆ ಓದಿ.

ಸಮುದಾಯ ಬಾನುಲಿಗೆ ಭಾರತದಲ್ಲಿ 2002ರಲ್ಲಿ ವಿದ್ಯಾಸಂಸ್ಥೆಗಳಿಗೆ ಅವಕಾಶ ಸಿಕ್ಕಿತು. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ತೆರೆಯಿತು. ಒಬ್ಬ ವ್ಯಕ್ತಿಗೆ ಕೊಡುವುದಿಲ್ಲ. ರಾಜಕೀಯ ಪಕ್ಷಕ್ಕೂ ಇಲ್ಲ. ಸಂಸ್ಥೆ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಆಗಿರಬೇಕು, ಸಮುದಾಯದ ಕೆಲಸ ಮಾಡಿದ ದಾಖಲೆ ಇರಬೇಕು. ನಿಮ್ಮ ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಅರ್ಜಿ ಹೋಗುವುದು ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯಕ್ಕೆ, ಆನ್‌ಲೈನಿನಲ್ಲಿ. ಹಲವು ಇಲಾಖೆಗಳ ತಪಾಸಣೆ ಆಗಿ ಒಪ್ಪಿಗೆ ಪತ್ರ, ಆಮೇಲೆ ತರಂಗಾಂತರ, ಅಂದರೆ ನಿಮ್ಮ ನಿಲಯ ಎಷ್ಟನೇ ನಂಬರಿನಲ್ಲಿ ಸಿಗುತ್ತದೆ ಎಂಬುದು. ಕೊನೆಗೆ ಒಪ್ಪಂದ, ನಿಸ್ತಂತು ಪರವಾನಗಿ.

ಟ್ರಾನ್ಸ್‌ಮಿಟರಿನ ಬಲ ಸಾಮಾನ್ಯವಾಗಿ 100 ವ್ಯಾಟ್, ಕಂಬ 30 ಮೀಟರ್ ಮೀರುವಂತಿಲ್ಲ. ಹತ್ತು ಹದಿನೈದು ಕಿಲೋಮೀಟರ್ ಕೇಳಿಸಿದರೆ ದೊಡ್ಡದು. ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ವಾರ್ತೆಯನ್ನು ಹಾಗೇ ಹಾಕಬಹುದು. ಹವಾಮಾನ, ಪರೀಕ್ಷೆ, ಕರೆಂಟು, ನೀರು, ಆರೋಗ್ಯದ ಎಚ್ಚರಿಕೆ ಇವನ್ನು ಸುದ್ದಿ ಎಂದು ಎಣಿಸುವುದಿಲ್ಲ. ನಮಗೆ ಬೇಕಾದದ್ದೂ ಅದೇ ಅಲ್ವಾ? ಜಾಹೀರಾತಿಗೆ ಗಂಟೆಗೆ ಇದ್ದ 7 ನಿಮಿಷವನ್ನು 2024ರಲ್ಲಿ 12ಕ್ಕೆ ಏರಿಸಿದ್ದಾರೆ.

ನಿಲಯ ಹಚ್ಚುವುದಕ್ಕಿಂತ ನಡೆಸುವುದು ಕಷ್ಟ. ಯಂತ್ರಕ್ಕೆ ದುಡ್ಡು ಕೊಡುವವರು ಸಿಗುತ್ತಾರೆ, ಎರಡು ಜನರ ಸಂಬಳಕ್ಕೆ ಸಿಗುವುದಿಲ್ಲ. ಅರ್ಜಿ ಹಾಕುವ ಮುಂಚೆ ಒಮ್ಮೆ ಬೀದರ್ ಗಡಿ ದಾಟಿ ಜಹೀರಾಬಾದ್ ಕಡೆಯ ಮಾಚನೂರಿಗೆ ಹೋಗಿ ಬನ್ನಿ. ದಲಿತ ಹೆಣ್ಣುಮಕ್ಕಳು ನಡೆಸುವ ‘ಸಂಗಂ ರೇಡಿಯೊ’ ಅಲ್ಲಿ 2008ರಲ್ಲಿ ಶುರುವಾಯಿತು. ಲೈಸೆನ್ಸ್ ಬರುವ ಎಷ್ಟೋ ವರ್ಷ ಮುಂಚೆಯೇ ಅವರು ಕಾರ್ಯಕ್ರಮ ರೆಕಾರ್ಡ್ ಮಾಡಿ ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು.

ಯಾವಾಗ ಶುರು ಮಾಡಬೇಕು ಎಂದು ಕೇಳುವವರಿಗೆ: ಏಪ್ರಿಲ್ ಮೇನಲ್ಲಿ ಶುರು ಮಾಡುವುದಾದರೆ ಬಿಸಿಲಿನ ಕಂತು, ಹೊಲದ ಕೆಲಸ ಬೆಳಿಗ್ಗೆ ಎಷ್ಟಕ್ಕೆ ಮುಗಿಸಬೇಕು ಎಂಬುದರಿಂದ. ಮೊದಲ ಮಳೆ ಬಿದ್ದ ಮೇಲಾದರೆ ಭೇದಿ, ಡ್ರಮ್ಮಿನ ಸೊಳ್ಳೆ, ಹೊಲದ ಹಾವು. ದೀಪಾವಳಿ ಆದ ಮೇಲೆ ಗುಳೆ ಹೊರಡುವ ಮನೆಗಳಿಗೆ ಒಂದೇ ಕಂತು ಸಾಕು: ತಾಯಿ ಕಾರ್ಡ್, ಮಗುವಿನ ಲಸಿಕೆ ಕಾರ್ಡ್, ಕ್ಷಯದ ಗುಳಿಗೆ ತಿನ್ನುತ್ತಿದ್ದರೆ ಆ ಚೀಟಿ, ಇಷ್ಟನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರೊಟ್ಟಿ ಗಂಟಿನ ಜೊತೆ ಕಟ್ಟಿಕೊಳ್ಳಿ. ಹೋಗುವ ಮುಂಚೆ ಮೂರನ್ನೂ ಫೋನಿನಲ್ಲಿ ಫೋಟೊ ಹೊಡೆದಿಡಿ.